ಮೀನಿಗಿಂತ ಮೊದಲು ನೀರು ಹದವಾಗಲಿ

ಶಾರ್ಜಾದ ನಮ್ಮ ರೂಮಿನಲ್ಲಿ ನಾಲ್ಕು ಜನ ಇದ್ದೇವೆ. ಕಳೆದ ಚಳಿಗಾಲದಲ್ಲಿ ಎಲ್ಲರೂ ದುಡ್ಡು ಹಾಕಿ, ಉಪ್ಪುನೀರಿನ ಮೀನು ಸಾಕಲು 60 ಲೀಟರಿನ ಟ್ಯಾಂಕ್ ತಂದೆವು. ನಮ್ಮಲ್ಲಿ ಒಬ್ಬರು ಮಲ್ಪೆಯವರು. "ಸಮುದ್ರದ ಮೀನಿಗೆ ಉಪ್ಪುನೀರು ಇದ್ರೆ ಆಯ್ತಲ್ಲ ಮಾರಾಯ್ರೆ" ಅಂದರು. ಅಂಗಡಿಯವನೂ ಹೂಂ ಅಂದ. ಮೂರನೇ ದಿನವೇ ಎರಡು ಕ್ಲೌನ್ ಮೀನು ಬಿಟ್ಟೆವು. ವಾರದೊಳಗೆ ಎರಡೂ ಸತ್ತವು. ನೀರು ಮಾತ್ರ ಕನ್ನಡಿಯ ಹಾಗೆ ತಿಳಿಯಾಗಿತ್ತು.

ತಪ್ಪು ಏನು ಅಂತ ಆಮೇಲೆ ತಿಳಿಯಿತು. ಮೀನಿನ ಹೊಲಸು, ತಿಂದು ಉಳಿದ ಆಹಾರ ಇವುಗಳಿಂದ ಅಮೋನಿಯಾ ಹುಟ್ಟುತ್ತದೆ. ಅದು ಕಣ್ಣಿಗೆ ಕಾಣದ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಹೊಸ ಟ್ಯಾಂಕಿನಲ್ಲಿ ಇವು ಸಾಕಷ್ಟು ಇರುವುದಿಲ್ಲ. ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಹಾಲಿಗೆ ಹೆಪ್ಪು ಹಾಕಿ ಕಾಯುವ ಹಾಗೆ, ಇಲ್ಲೂ ಕಾಯಲೇಬೇಕು.

ಎರಡನೇ ಸಲ ಅವಸರ ಮಾಡಲಿಲ್ಲ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದಕ್ಕೆ ಆರ್‌ಒ ನೀರು ತಂದೆವು. ಅಡುಗೆ ಉಪ್ಪು ನಡೆಯುವುದಿಲ್ಲ. ಅಕ್ವೇರಿಯಂನ ಸಮುದ್ರದ ಉಪ್ಪನ್ನೇ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಬಕೆಟಿನಲ್ಲಿ ಕರಗಿಸಿ, ಹೈಡ್ರೋಮೀಟರಿನಲ್ಲಿ 1.025 ಬಂದ ಮೇಲೆ ಟ್ಯಾಂಕಿಗೆ ಸುರಿದೆವು. ಜೀವಂತ ಬ್ಯಾಕ್ಟೀರಿಯಾ ಇರುವ ಕಲ್ಲು ಇಟ್ಟು, ಪಂಪು ಹಾಕಿ, ಮೀನಿನ ಬದಲು ಅಕ್ವೇರಿಯಂಗೆಂದೇ ಸಿಗುವ ಅಮೋನಿಯಾ ದ್ರಾವಣವನ್ನು 2 ಪಿಪಿಎಂ ಬರುವಷ್ಟು ಬಿಟ್ಟೆವು.

ಎರಡು ದಿನಕ್ಕೊಮ್ಮೆ ಟೆಸ್ಟ್ ಕಿಟ್ಟಿನಲ್ಲಿ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟೆವು. ಮೊದಲು ಅಮೋನಿಯಾ ಇಳಿಯಿತು, ನೈಟ್ರೈಟ್ ಏರಿತು. ನೈಟ್ರೈಟ್ ಇಳಿಯಲು ಎಷ್ಟೋ ದಿನ ಹಿಡಿಯಿತು. "ಇನ್ನೂ ಕಲ್ಲನ್ನೇ ನೋಡ್ತಾ ಕೂತಿದ್ದೀರಾ?" ಅಂತ ಪಕ್ಕದ ರೂಮಿನವರು ನಕ್ಕರು. ಐದನೇ ವಾರ, ಹಾಕಿದ ಅಮೋನಿಯಾ 24 ಗಂಟೆಯಲ್ಲಿ ಸೊನ್ನೆ, ನೈಟ್ರೈಟೂ ಸೊನ್ನೆ. ನೈಟ್ರೇಟ್ ಇಳಿಸಲು ಅರ್ಧದಷ್ಟು ನೀರು ಬದಲಿಸಿ, ಒಂದೇ ಮೀನು ಬಿಟ್ಟೆವು. ಎರಡನೆಯದನ್ನು ಮೂರು ವಾರ ಬಿಟ್ಟು ತಂದೆವು.

ಇಲ್ಲಿನ ಬಿಸಿಲಿಗೆ ಎರಡು ಮಾತು. ಡ್ಯೂಟಿಗೆ ಹೋಗುವಾಗ ಎಸಿ ಆಫ್ ಮಾಡಿದರೆ ನೀರು ಕಾಯುತ್ತದೆ, 25–26 ಡಿಗ್ರಿ ಇರಲಿ. ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ, ಆದ್ದರಿಂದ ಕಡಿಮೆಯಾದಷ್ಟು ಬರೀ ಸಿಹಿನೀರನ್ನೇ ತುಂಬಿಸಿ.

ಊರಿಗೆ ರಜೆ ಹೋಗುವವರು ಹೊರಡುವ ತಿಂಗಳಲ್ಲಿ ಹೊಸ ಟ್ಯಾಂಕ್ ಶುರು ಮಾಡಬೇಡಿ. ದುಡ್ಡಿದ್ದರೆ ಮೊದಲು ಟೆಸ್ಟ್ ಕಿಟ್ ತನ್ನಿ, ಮೀನು ಆಮೇಲೆ.