ಕತ್ತಿಗೆ ಕಲ್ಲು, ಕೆನ್ನೆಗೆ ಎಚ್ಚರ

ಕುಡುಗೋಲು ಮೊಂಡಾದರೆ ನಾವು ಏನು ಮಾಡುತ್ತೇವೆ? ಕಲ್ಲಿಗೆ ಮಸೆಯುತ್ತೇವೆ. ಕ್ಷೌರದ ಕತ್ತಿಗೂ ಕಲ್ಲೇ ಬೇಕು. ಆದರೆ ಆ ಕಲ್ಲು ಬೇರೆ. ಮಸೆಯುವ ರೀತಿಯೂ ಬೇರೆ.

ನಮ್ಮ ಸಂಜೆ ತರಗತಿಗೆ ಒಬ್ಬ ಅಜ್ಜ ಬರುತ್ತಾರೆ. ಅವರದು ಕ್ಷೌರದ ಅಂಗಡಿ. ಒಂದು ದಿನ ಹಳೆಯ ಪೆಟ್ಟಿಗೆ ತಂದರು. ಒಳಗೆ ಮಡಚುವ ಕತ್ತಿ, ನಯವಾದ ಕಲ್ಲು, ಚರ್ಮದ ಪಟ್ಟಿ ಇದ್ದವು.

"ಇಷ್ಟು ದಿನ ನೀವು ಕಲಿಸಿದ್ರಿ ಮೇಷ್ಟ್ರೇ. ಇವತ್ತು ನಾನು ಕಲಿಸ್ತೀನಿ" ಎಂದರು. ನಾವೆಲ್ಲ ಸುತ್ತ ಕುಳಿತೆವು.

ಕಲ್ಲಿನ ಗುಣ

ಮಸೆಯುವ ಕಲ್ಲಿನಲ್ಲಿ ಸಣ್ಣ ಸಣ್ಣ ಹರಳುಗಳಿರುತ್ತವೆ. ಅವು ಉಕ್ಕಿಗಿಂತ ಗಟ್ಟಿ. ಉಕ್ಕನ್ನು ಸ್ವಲ್ಪ ಸ್ವಲ್ಪವೇ ಸವೆಸುತ್ತವೆ. ಹರಳು ದಪ್ಪಗಿದ್ದರೆ ಕತ್ತಿಯ ಬಾಯಿ ಗರಗಸದಂತಾಗುತ್ತದೆ. ಹುಲ್ಲು ಕೊಯ್ಯಲು ಅದು ಸಾಕು. ಕೆನ್ನೆಗೆ ಆಗದು. ಆದ್ದರಿಂದ ಕ್ಷೌರದ ಕತ್ತಿಗೆ ಬಲು ನಯವಾದ ಕಲ್ಲು ಬೇಕು.

ಯುರೋಪಿನಲ್ಲಿ ಬೆಲ್ಜಿಯಂ ಎಂಬ ದೇಶವಿದೆ. ಅಲ್ಲಿನ ಆರ್ಡೆನ್ ಗುಡ್ಡಗಳಲ್ಲಿ ಹಳದಿ ಕಲ್ಲು ಸಿಗುತ್ತದೆ. ಅದರ ಹೆಸರು ಕೋಟಿಕ್ಯೂಲ್. ಅದರ ತುಂಬ ಗಾರ್ನೆಟ್ ಎಂಬ ಗಟ್ಟಿ ಹರಳುಗಳಿವೆ. ಕ್ಷೌರದ ಕತ್ತಿಗೆ ಅದು ಹೆಸರಾದ ಕಲ್ಲು.

ಮಸೆಯುವ ರೀತಿ

ಕಲ್ಲು ಸಮತಟ್ಟಾಗಿರಬೇಕು. ಅದರ ಮೇಲೆ ನೀರು ಚಿಮುಕಿಸಬೇಕು. ಸವೆದ ಉಕ್ಕಿನ ಪುಡಿ ನೀರಿನೊಡನೆ ಹೋಗುತ್ತದೆ.

ಕತ್ತಿಯನ್ನು ಕಲ್ಲಿನ ಮೇಲೆ ಮಲಗಿಸಬೇಕು. ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಬೇಕು. ಬಾಯಿ ಮುಂದಾಗಿ ತಳ್ಳಬೇಕು. ಕೊನೆಯಲ್ಲಿ ಬೆನ್ನಿನ ಮೇಲೆ ಹೊರಳಿಸಬೇಕು. ಮತ್ತೆ ಬಾಯಿ ಮುಂದಾಗಿಯೇ ಎಳೆಯಬೇಕು. ಎರಡೂ ಕಡೆ ಸಮನಾಗಿ ಮಸೆಯಬೇಕು. "ಒತ್ತಬ್ಯಾಡಿ, ಕತ್ತಿಯ ಭಾರವೇ ಸಾಕು" ಎಂದರು ಅಜ್ಜ.

ಆಮೇಲೆ ಚರ್ಮದ ಪಟ್ಟಿ. ಇಲ್ಲಿ ಎಲ್ಲಾ ತಿರುಗುಮುರುಗು. ಬೆನ್ನು ಮುಂದೆ, ಬಾಯಿ ಹಿಂದೆ. ಮರೆತರೆ ಪಟ್ಟಿಯೇ ಕತ್ತರಿಸಿಹೋಗುತ್ತದೆ. ಕಲ್ಲು ಯಾವಾಗಲೋ ಒಮ್ಮೆ ಸಾಕು. ಪಟ್ಟಿ ಪ್ರತಿ ಕ್ಷೌರಕ್ಕೂ ಬೇಕು.

ಹರಿತ ನೋಡಲು ಬಾಯಿಯ ಉದ್ದಕ್ಕೆ ಬೆರಳು ಎಳೆಯಬೇಡಿ. ಒಂದು ಕೂದಲನ್ನು ಹಿಡಿದು ತಾಗಿಸಿ. ತಾಗಿದೊಡನೆ ತುಂಡಾದರೆ ಕತ್ತಿ ಸಿದ್ಧ.

ಹರಿತ ಬೇರೆ, ಶುದ್ಧ ಬೇರೆ

ತರಗತಿಯ ಒಬ್ಬ ತಮ್ಮ ಕೇಳಿದ: "ಅಜ್ಜ, ಇಷ್ಟು ಚೆಂದ ಮಸೀತೀರಿ. ಮತ್ತೆ ಅಂಗಡೀಲಿ ಯಾಕೆ ಬ್ಲೇಡು ಹಾಕ್ತೀರಿ?"

ಅಜ್ಜ ಕತ್ತಿ ಮಡಚಿದರು. "ಕಲ್ಲು ಮೊಂಡು ತೆಗೀತದೆ ಮಗ. ರೋಗ ತೆಗೀತದಾ?" ಎಂದರು.

ಅಜ್ಜ ಹೇಳಿದ್ದು ನಿಜ. ಕ್ಷೌರ ಮಾಡುವಾಗ ಕಾಣದಷ್ಟು ಸಣ್ಣ ಗಾಯಗಳಾಗುತ್ತವೆ. ಒಬ್ಬರ ರಕ್ತ ಕತ್ತಿಗೆ ಅಂಟುತ್ತದೆ. ಅದೇ ಕತ್ತಿ ಇನ್ನೊಬ್ಬರ ಗಾಯಕ್ಕೆ ತಾಗುತ್ತದೆ. ಹೀಗೆ ಹೆಪಟೈಟಿಸ್ ಬಿ ಹರಡಬಹುದು. ಇದು ಈಲಿಯನ್ನು, ಅಂದರೆ ಲಿವರನ್ನು ಕೆಡಿಸುವ ರೋಗ. ಇದರ ವೈರಸ್ ದೇಹದ ಹೊರಗೂ 7 ದಿನ ಬದುಕಬಲ್ಲದು. ಮಸೆದರೆ ಅದು ಸಾಯುವುದಿಲ್ಲ. ಪಟ್ಟಿಗೆ ಉಜ್ಜಿದರೆ ಪಟ್ಟಿಗೂ ಅಂಟುತ್ತದೆ.

ಹಾಗಾದರೆ ಏನು ಮಾಡಬೇಕು? ಅಂಗಡಿಯಲ್ಲಿ ಒಬ್ಬೊಬ್ಬರಿಗೂ ಹೊಸ ಬ್ಲೇಡು ಹಾಕಬೇಕು. ಮನೆಯಲ್ಲಿ ಹಳೆಯ ಕತ್ತಿ ಇದ್ದರೆ ಒಬ್ಬರೇ ಬಳಸಬೇಕು. ಅಪ್ಪನ ಕತ್ತಿ ಮಗನಿಗೂ ಬೇಡ.

ಈಗ ಅಜ್ಜನ ಅಂಗಡಿಯ ಗೋಡೆಯಲ್ಲಿ ಒಂದು ಹಲಗೆ ಇದೆ. ಅದರಲ್ಲಿ "ಎಲ್ಲರಿಗೂ ಹೊಸ ಬ್ಲೇಡು" ಎಂದಿದೆ. ಬರೆದವರು ಅಜ್ಜನೇ. ನೀವೂ ಕ್ಷೌರಕ್ಕೆ ಕೂರುವ ಮುನ್ನ ಕೇಳಿ: "ಬ್ಲೇಡು ಹೊಸದಾ?" ಕೇಳಲು ನಾಚಿಕೆ ಬೇಡ.