ನೀವು ರೋಗಿಗೆ ಏನಾಗಬೇಕು?

ಆರೇಳು ವರ್ಷಗಳ ಹಿಂದೆ ಕಾಸರಗೋಡಿನ ನನ್ನ ಕಚೇರಿಗೆ ಇಬ್ಬರು ವೃದ್ಧೆಯರು ಬಂದಿದ್ದರು. ಒಬ್ಬರು ಕನ್ನಡ ಶಾಲೆಯ ನಿವೃತ್ತ ಅಧ್ಯಾಪಿಕೆ. ಇನ್ನೊಬ್ಬರು ಹೊಲಿಗೆಯಿಂದ ಬದುಕು ಸಾಗಿಸಿದವರು. ಇಬ್ಬರೂ ಅವಿವಾಹಿತರು. ಮೂವತ್ತಕ್ಕೂ ಹೆಚ್ಚು ವರ್ಷ ಒಂದೇ ಸೂರಿನಡಿ, ಒಂದೇ ಒಲೆಯಲ್ಲಿ ಬೇಯಿಸಿ ಉಂಡವರು. ಆ ಬಾಂಧವ್ಯಕ್ಕೆ ಅವರು ಹೆಸರಿಟ್ಟಿರಲಿಲ್ಲ, ನಾನೂ ಕೇಳಲಿಲ್ಲ. ತನ್ನ ಕಾಲಾನಂತರ ಮನೆಯು ಗೆಳತಿಗೆ ಸೇರಬೇಕೆಂಬುದು ಅಧ್ಯಾಪಿಕೆಯ ಇಚ್ಛೆ. ಮರಣಶಾಸನವನ್ನು ಕನ್ನಡದಲ್ಲಿಯೇ ಬರೆದು, ಇಬ್ಬರು ಸಾಕ್ಷಿಗಳಿಂದ ಸಹಿ ಹಾಕಿಸಿ, ನೋಂದಣಿಯನ್ನೂ ಮಾಡಿಸಿದೆ. ನನ್ನ ಕರ್ತವ್ಯ ಮುಗಿಯಿತೆಂದುಕೊಂಡೆ.

ಮುಂದೆ ಅಧ್ಯಾಪಿಕೆಗೆ ಅರ್ಬುದ ರೋಗ ಬಂದು, ಗುಣವಾಗದ ಹಂತಕ್ಕೆ ತಲುಪಿತು. ಯಂತ್ರದ ಉಸಿರು ತನಗೆ ಬೇಡ, ಮನೆಯಲ್ಲಿಯೇ ಕಣ್ಣು ಮುಚ್ಚಬೇಕು ಎಂದು ಅವರು ಗೆಳತಿಗೆ ಹಲವು ಬಾರಿ ಹೇಳಿದ್ದರು. ಒಂದು ರಾತ್ರಿ ಉಸಿರಾಟ ಕಷ್ಟವಾದಾಗ ಗಾಬರಿಯಿಂದ ಆಸ್ಪತ್ರೆಗೆ ಒಯ್ದರು. ಅಲ್ಲಿ ಕೇಳಿದ ಪ್ರಶ್ನೆ ಒಂದೇ: ನೀವು ರೋಗಿಗೆ ಏನಾಗಬೇಕು? ‘ಜೊತೆಗಿರುವವಳು’ ಎಂದರು ಗೆಳತಿ. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಅಂಥವರಿಗೆ ‘ಬೈಸ್ಟ್ಯಾಂಡರ್’ ಎನ್ನುತ್ತಾರೆ. ಬೈಸ್ಟ್ಯಾಂಡರ್ ಗಂಜಿ ಕುಡಿಸಬಹುದು, ಔಷಧಿ ತರಬಹುದು, ನಿರ್ಧಾರ ಹೇಳುವಂತಿಲ್ಲ. ದೂರದೂರಿನಿಂದ ಬಂದ ಅಣ್ಣನ ಮಗ ಕಾಗದಗಳಿಗೆ ಸಹಿ ಹಾಕಿದರು. ಅವರು ಕೆಟ್ಟವರಲ್ಲ, ಅತ್ತೆಯ ಮನಸ್ಸಿನಲ್ಲಿದ್ದುದು ಅವರಿಗೆ ತಿಳಿದಿರಲಿಲ್ಲ, ಅಷ್ಟೇ. ಅಧ್ಯಾಪಿಕೆ ಹನ್ನೊಂದು ದಿನ ಯಂತ್ರದ ನೆರವಿನಲ್ಲಿದ್ದು ತೀರಿಕೊಂಡರು. ಬಾಗಿಲ ಹೊರಗಿನ ಬೆಂಚಿನಲ್ಲಿ ಗೆಳತಿ ಕುಳಿತಿದ್ದರು.

ಉತ್ತರಕ್ರಿಯೆಗಳು ಮುಗಿದ ಬಳಿಕ ಆಕೆ ಬಂದು ನನ್ನನ್ನು ಕೇಳಿದರು: ‘ಮನೆ ನನ್ನದೆಂದು ಬರೆದುಕೊಟ್ಟಿರಿ. ಅವಳ ಪಕ್ಕದಲ್ಲಿ ಕೂರುವ ಹಕ್ಕನ್ನು ಏಕೆ ಬರೆಯಲಿಲ್ಲ?’ ನನ್ನಲ್ಲಿ ಉತ್ತರವಿರಲಿಲ್ಲ. ಅದಕ್ಕೆ ದಾರಿಯಿದೆಯೆಂದು ನಾನು ಓದಿದ್ದೆ, ಹೇಳಿರಲಿಲ್ಲ.

ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು 2018ರ ಮಾರ್ಚ್ 9ರಂದು ತೀರ್ಪಿತ್ತಿತು. ಗುಣವಾಗುವ ಆಸೆಯಿಲ್ಲದೆ, ಮಾತನಾಡುವ ಸ್ಥಿತಿಯೂ ಇಲ್ಲದಿರುವಾಗ ತನಗೆ ಯಾವ ಚಿಕಿತ್ಸೆ ಬೇಡವೆಂಬುದನ್ನು ವಯಸ್ಕ ವ್ಯಕ್ತಿ ಮುಂಚಿತವಾಗಿಯೇ ಬರೆದಿಡಬಹುದು. ಆಗ ಅದಕ್ಕೆ ಮ್ಯಾಜಿಸ್ಟ್ರೇಟರ ರುಜು ಬೇಕಿತ್ತು. ಆ ತೊಡಕನ್ನು ಕಂಡೇ ನಾನು ವಿಷಯವೆತ್ತಿರಲಿಲ್ಲ. 2023ರ ಜನವರಿ 24ರ ಆದೇಶವು ಕ್ರಮವನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತನ್ನ ಪರವಾಗಿ ಒಪ್ಪಿಗೆ ಕೊಡಬೇಕಾದವರ ಹೆಸರನ್ನೂ ಅದರಲ್ಲಿ ಬರೆಯಬೇಕು. ನ್ಯಾಯಾಲಯ ಅಲ್ಲಿ ಬಳಸಿದ್ದು ‘ನಿಕಟ ಬಂಧು’ ಎಂಬ ಪದವನ್ನಷ್ಟೇ ಅಲ್ಲ, ‘ಪಾಲಕ’ ಎಂಬುದನ್ನೂ. ರಕ್ತಸಂಬಂಧವಿಲ್ಲದ ಆಪ್ತರಿಗೆ ಬಾಗಿಲು ತೆರೆಯುವ ಪದ ಅದೆಂದು ನಾನು ಭಾವಿಸುತ್ತೇನೆ. ಒಂದು ಪ್ರತಿ ಆ ವ್ಯಕ್ತಿಗೆ, ಒಂದು ಕುಟುಂಬ ವೈದ್ಯರಿಗೆ, ಇನ್ನೊಂದು ಪಂಚಾಯತಿಗೆ. ಮನಸ್ಸು ಬದಲಾದರೆ ಬರೆದದ್ದನ್ನು ರದ್ದುಪಡಿಸಬಹುದು. ಜಾರಿಗೆ ತರುವ ಮುನ್ನ ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಆದ್ದರಿಂದ ದುರುಪಯೋಗದ ಭಯಕ್ಕೂ ತಡೆಯಿದೆ.

ಕುಟುಂಬವೆಂದರೆ ಗಂಡ, ಹೆಂಡತಿ, ಮಕ್ಕಳು ಮಾತ್ರವೆಂಬ ಭಾವನೆ ನಮ್ಮ ನೆಲಕ್ಕೆ ಹಳೆಯದೇನಲ್ಲ. ಅಳಿಯಸಂತಾನ ಕಟ್ಟಿನಲ್ಲಿ ಕುಟುಂಬವೆಂದರೆ ತಾಯಿಯ ಕಡೆಯವರು. ಕೈಹಿಡಿದ ಗಂಡನೂ ಆ ಕುಟುಂಬದ ಸದಸ್ಯನಾಗಿರಲಿಲ್ಲ. 1976ರ ಡಿಸೆಂಬರ್ 1ರಿಂದ ಜಾರಿಗೆ ಬಂದ ಕೇರಳದ ಕಾಯಿದೆ ಆ ಅವಿಭಕ್ತ ಪದ್ಧತಿಯನ್ನು ಕೊನೆಗೊಳಿಸಿತು. ಇಂದು ನ್ಯಾಯಾಲಯಗಳೂ ಮತ್ತೆ ಯೋಚಿಸುತ್ತಿವೆ. ವಿವಾಹವಿಲ್ಲದ ಸಹಬಾಳ್ವೆಯೂ, ಒಂದೇ ಲಿಂಗದವರ ಬಾಂಧವ್ಯವೂ ಕುಟುಂಬದ ರೂಪಗಳಾಗಬಹುದೆಂದು ಸರ್ವೋಚ್ಚ ನ್ಯಾಯಾಲಯ 2022ರ ಆಗಸ್ಟಿನಲ್ಲಿ ಹೇಳಿತು. ಅದೇ ನ್ಯಾಯಾಲಯ 2023ರ ಅಕ್ಟೋಬರಿನಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ನಿರಾಕರಿಸಿತು. ಕುಟುಂಬ ಕಟ್ಟಲು ವಿವಾಹವೊಂದೇ ಮಾರ್ಗವಲ್ಲವೆಂದು ಮದ್ರಾಸ್ ಉಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಅಭಿಪ್ರಾಯಪಟ್ಟಿತು. ಕಾನೂನು ಹೀಗೆ ಹಿಂದುಮುಂದಾಗಿ ನಡೆಯುತ್ತಿರುವಾಗ ರೋಗ ಕಾಯುವುದಿಲ್ಲ. ಕೈಯಲ್ಲಿ ಕಾಗದವಿರಬೇಕು.

ಒಂದು ಸಮಾಧಾನವಿದೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭವಾದ ಸಾಂತ್ವನ ಚಿಕಿತ್ಸೆಯ ಚಳುವಳಿ 2008ರಲ್ಲಿ ಕೇರಳದ ಸರಕಾರಿ ನೀತಿಯಾಯಿತು. ಪಂಚಾಯತಿಯ ಮೂಲಕ ಮನೆಗೆ ಬರುವ ಪಾಲಿಯೇಟಿವ್ ದಾದಿ ಅಧ್ಯಾಪಿಕೆಯ ಮನೆಗೂ ಬರುತ್ತಿದ್ದರು. ನೋವಿನ ಮದ್ದು ಯಾರ ಕೈಯಲ್ಲಿ ಕೊಡಲಿ, ರಾತ್ರಿ ಎದ್ದಿರುವವರು ಯಾರು ಎಂದಷ್ಟೇ ಅವರು ಕೇಳುತ್ತಿದ್ದರಂತೆ. ಆ ಪ್ರಶ್ನೆಗಳಿಗೆ ಗೆಳತಿಯ ಬಳಿ ಉತ್ತರವಿತ್ತು.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಮದುವೆಯಾಗದ ಚಿಕ್ಕಮ್ಮ, ಒಂಟಿ ಮೇಷ್ಟ್ರು, ಜೊತೆಯಾಗಿ ಬಾಳುವ ಗೆಳೆಯರು ಇದ್ದಾರು. ಕಷ್ಟಕಾಲದಲ್ಲಿ ಯಾರು ಬಳಿಯಲ್ಲಿರಬೇಕೆಂದು ಆರೋಗ್ಯವಿರುವಾಗಲೇ ಅವರನ್ನು ಕೇಳಿರಿ, ಬರೆದಿಡಲು ನೆರವಾಗಿರಿ. ಬಂಧುಗಳಾದ ನಾವು ಆ ಆಯ್ಕೆಯನ್ನು ಮನ್ನಿಸಬೇಕು.

ಕಳೆದ ತಿಂಗಳು ಆ ಗೆಳತಿ ತನ್ನ ಕಾಗದ ಮಾಡಿಸಲು ಬಂದಿದ್ದರು. ಹೆಸರಿಸಿದ್ದು ಅಧ್ಯಾಪಿಕೆಯ ಹಳೆಯ ಶಿಷ್ಯೆಯೊಬ್ಬಳನ್ನು. ಈಗ ದಿನವೂ ಸಂಜೆ ಬಂದು ದೀಪ ಹಚ್ಚಿ ಹೋಗುವವಳು ಅವಳೇ. ನಿಮಗೆ ಏನಾಗಬೇಕು ಎಂದು ನಾನು ಕೇಳಲಿಲ್ಲ. ಹೆಸರಿನ ಕಾಗುಣಿತವನ್ನಷ್ಟೇ ಕೇಳಿ ಬರೆದುಕೊಂಡೆ.