ಎಲುಬಿಗಿಂತ ಹಳೆಯ ನೆಲ

ಕಳೆದ ಮಾಘಮಾಸದಲ್ಲಿ ಬೆಂಗಳೂರಿನಿಂದ ಕೊಪ್ಪಕ್ಕೆ ಬಂದ ನನ್ನ ಮೊಮ್ಮಗಳು, ಬಂದ ಮರುದಿನವೇ ಒಂದು ಪ್ರಶ್ನೆ ಕೇಳಿದಳು. "ಅಜ್ಜ, ನಮ್ಮ ತೋಟದ ಹಿಂದಿನ ಗುಡ್ಡ ಅಗೆದರೆ ಡೈನೋಸಾರ್ ಎಲುಬು ಸಿಗುತ್ತದೆಯೆ?" ಆಕೆಗೆ ಒಂಬತ್ತು ವರ್ಷ. ಆ ದೈತ್ಯಪ್ರಾಣಿಗಳ ಹೆಸರುಗಳೆಲ್ಲ ಆಕೆಗೆ ಕಂಠಪಾಠ.

ನಾನು ಮೂವತ್ತು ವರ್ಷ ಮೇಷ್ಟರಾಗಿದ್ದವನು. ಬಹಳ ಹಿಂದೆ ತರಗತಿಯಲ್ಲಿ ಒಬ್ಬ ಹುಡುಗ ಇದೇ ಪ್ರಶ್ನೆಯನ್ನು ಕೇಳಿದ್ದ. "ಅದೆಲ್ಲ ಪರೀಕ್ಷೆಗೆ ಬರುವುದಿಲ್ಲ, ಕೂತುಕೊ" ಎಂದಿದ್ದೆ. ನನಗೆ ಉತ್ತರ ತಿಳಿಯದಿದ್ದುದೇ ಅದಕ್ಕೆ ನಿಜವಾದ ಕಾರಣ. ಆ ಹುಡುಗ ಮತ್ತೆಂದೂ ನನ್ನನ್ನು ಏನನ್ನೂ ಕೇಳಲಿಲ್ಲ. ಅದು ನೆನಪಾಗಿ, ಈ ಸಲವಾದರೂ ಓದಿ ತಿಳಿದು ಉತ್ತರ ಹೇಳಬೇಕೆನಿಸಿತು. ಹೇಳುವುದರ ಜತೆಗೆ ತೋರಿಸುವುದೂ ಒಳ್ಳೆಯದೆಂದು ಒಂದು ದಿನದ ಪ್ರವಾಸ ಹೂಡಿದೆವು. ನರಸಿಂಹರಾಜಪುರದಿಂದ ಅಕ್ಕ, ಭಾವ ಹಿಂದಿನ ರಾತ್ರಿಯೇ ಬಂದಿದ್ದರು. ಬೆಳಿಗ್ಗೆ ಆರಕ್ಕೆ ಜೀಪು ಹೊರಟಿತು. ನಾವು ಹೋಗಬೇಕಾಗಿದ್ದುದು ಉಡುಪಿಯ ಬಳಿಯ ಮಲ್ಪೆಗೆ.

ಶೃಂಗೇರಿಯಲ್ಲಿ ಇಳಿದು ತುಂಗೆಯ ದಡದಲ್ಲಿ ಉಪಾಹಾರ ಮುಗಿಸಿದೆವು. ಎದುರಿಗೆ ವಿದ್ಯಾಶಂಕರ ದೇವಾಲಯ. ಅದು ಹದಿನಾಲ್ಕನೆಯ ಶತಮಾನದ್ದೆಂದಾಗ "ಅಷ್ಟು ಹಳೆಯದೆ!" ಎಂದು ಮೊಮ್ಮಗಳು ಕಣ್ಣರಳಿಸಿದಳು. ನಾನು ಕಾಲಕೆಳಗಿನ ನೆಲವನ್ನು ತೋರಿಸಿದೆ. ಪಶ್ಚಿಮ ಕರ್ನಾಟಕದ ತಳದಲ್ಲಿ ಹಾಸಿರುವ ಶಿಲೆಗಳಲ್ಲಿ ಎಷ್ಟೋ ಭಾಗಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು. ಇಡೀ ಭೂಮಿಗೇ ವಯಸ್ಸು ಸುಮಾರು 454 ಕೋಟಿ ವರ್ಷ.

ಇಂಥ ಅಂಕಿಗಳು ಮಕ್ಕಳಿಗಿರಲಿ, ದೊಡ್ಡವರ ಮನಸ್ಸಿಗೂ ನಿಲುಕುವುದಿಲ್ಲ. ಆದ್ದರಿಂದ ಆ 300 ಕೋಟಿ ವರ್ಷಗಳನ್ನು ನಾವು ಹೊರಟ ಬೆಳಗಿನ ಆರರಿಂದ ಮರುದಿನದ ಬೆಳಗಿನ ಆರರವರೆಗಿನ ಒಂದು ದಿನವೆಂದು ಎಣಿಸಲು ಹೇಳಿದೆ. ಡೈನೋಸಾರ್‌ಗಳು ಮೊದಲು ಕಾಣಿಸಿಕೊಂಡದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಎಂದರೆ ಹಗಲು ಕಳೆದು, ರಾತ್ರಿಯೆಲ್ಲ ಸರಿದು, ನಸುಕಿನ ನಾಲ್ಕು ಗಂಟೆ ದಾಟಿದ ಮೇಲೆ. ಹಕ್ಕಿಗಳಾಗಿ ಉಳಿದ ಒಂದು ಕವಲನ್ನು ಬಿಟ್ಟು ಅವೆಲ್ಲ ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ. ಎಂದರೆ ಐದೂವರೆಗೆ ಒಂದೆರಡು ನಿಮಿಷ ಮುಂಚೆ. ಮನುಷ್ಯ ಬಂದದ್ದು ಕೊನೆಯ ಹತ್ತು ಸೆಕೆಂಡಿನೊಳಗೆ. ದೇವಾಲಯ ಕಟ್ಟಿದ ಮೇಲೆ ಎವೆಯಿಕ್ಕುವಷ್ಟು ಹೊತ್ತೂ ಕಳೆದಿಲ್ಲ.

ಪ್ರಾಣಿಯೇ ಹುಟ್ಟದಿದ್ದಾಗ ಆದ ಕಲ್ಲಿನಲ್ಲಿ ಅದರ ಎಲುಬು ಸಿಗುವುದೆಲ್ಲಿಂದ? ಮಲೆನಾಡಿನಲ್ಲಿ ಎಲುಬು ಸಿಗದಿರುವುದಕ್ಕೆ ಇದು ಮೊದಲನೆಯ ಕಾರಣ. ಎರಡನೆಯದನ್ನು ಆಗುಂಬೆಯ ಘಾಟಿ ಇಳಿಯುವಾಗ ಹೇಳಿದೆ. ಸತ್ತ ಪ್ರಾಣಿಯ ಎಲುಬು ಪಳೆಯುಳಿಕೆಯಾಗಬೇಕಾದರೆ ಅದು ಬೇಗನೆ ಹೂಳಿನಲ್ಲಿ ಮುಚ್ಚಿಹೋಗಬೇಕು. ಆ ಹೂಳು ಪದರ ಪದರವಾಗಿ ಕಲ್ಲಾಗಬೇಕು. ಇಲ್ಲಿಯಾದರೋ ಮಳೆ ನೆಲವನ್ನು ಕೊರೆದು ಮಣ್ಣನ್ನು ಹೊತ್ತೊಯ್ಯುತ್ತದೆ. ಇನ್ನು, ಹೂತಿಟ್ಟ ಎಲುಬು ಕಣ್ಣಿಗೆ ಬೀಳಲು ನೆಲ ಬತ್ತಲೆಯಾಗಿರಬೇಕು. ಕೆನಡಾದ ಆಲ್ಬರ್ಟಾದಲ್ಲಿ ರೆಡ್ ಡಿಯರ್ ನದಿಯ ಇಕ್ಕೆಲದಲ್ಲಿ ಹುಲ್ಲೂ ಸರಿಯಾಗಿ ಬೆಳೆಯದ ಕೊರಕಲು ದಿಣ್ಣೆಗಳಿವೆ. ಪ್ರತಿ ಮಳೆಗೂ ಅಲ್ಲಿಯ ಮೆದುಗಲ್ಲು ಕರಗಿ ಹೊಸ ಎಲುಬುಗಳು ಹೊರಗೆ ಇಣುಕುತ್ತವೆ. ನಮ್ಮ ನೆಲ ಕಾಡು ಹೊದ್ದು ಮಲಗಿದೆ.

"ಹಾಗಾದರೆ ಇಂಡಿಯಾದಲ್ಲಿ ಇಲ್ಲವೇ ಇಲ್ಲವೆ?" ಎಂದು ಹುಡುಗಿ ಸಪ್ಪಗಾದಳು. ಧಾರಾಳವಾಗಿ ಇವೆ. ಜಬ್ಬಲಪುರದಲ್ಲಿ 1828ರಷ್ಟು ಹಿಂದೆಯೇ ಅವುಗಳ ಎಲುಬು ಸಿಕ್ಕಿತ್ತು. ಗೋದಾವರಿ ಕಣಿವೆಯಲ್ಲಿ ದೊರೆತ ಒಂದು ಭಾರಿ ಸಸ್ಯಾಹಾರಿಗೆ 1975ರಲ್ಲಿ ಇಟ್ಟ ಹೆಸರು ಬರಪಾಸಾರಸ್ ಟಾಗೋರಿ. ಬಂಗಾಳಿಯಲ್ಲಿ 'ಬಡ ಪಾ' ಎಂದರೆ ದೊಡ್ಡ ಕಾಲು. ಟಾಗೋರಿ ಎಂಬುದು ಕವಿ ರವೀಂದ್ರರ ನೆನಪಿಗೆ. ಅದರ ಅಸ್ಥಿಪಂಜರವನ್ನು ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ನಿಲ್ಲಿಸಿದ್ದಾರೆ. ಕವಿಯ ಹೆಸರನ್ನು ಹೊತ್ತ ಡೈನೋಸಾರ್ ಎಂದು ಕೇಳಿ ನಮ್ಮ ಭಾವನವರಿಗೂ ಉತ್ಸಾಹ ಬಂತು.

ಮಲ್ಪೆಯಿಂದ ದೋಣಿಯಲ್ಲಿ ಅರ್ಧ ಗಂಟೆ ಸಾಗಿ ಸೇಂಟ್ ಮೇರಿ ದ್ವೀಪದಲ್ಲಿ ಇಳಿದೆವು. ತೆಂಗಿನ ಮರಗಳಾಚೆ ದಡದುದ್ದಕ್ಕೂ ಕಂಬದಂಥ ಕಲ್ಲುಗಳು. ಯಾರೋ ಕಡೆದು ಒತ್ತೊತ್ತಾಗಿ ಜೋಡಿಸಿದಂತೆ ಕೆಲವಕ್ಕೆ ಐದು ಮುಖ, ಹಲವಕ್ಕೆ ಆರು. ಕೊಯ್ಲಾದ ಗದ್ದೆ ಬೇಸಗೆಯಲ್ಲಿ ಒಣಗಿ ಬಿರಿಯುವುದನ್ನು ಕೇಳುಗರು ನೋಡಿರಬಹುದು. ಇಲ್ಲಿ ಆದದ್ದೂ ಹೆಚ್ಚುಕಡಿಮೆ ಅದೇ. ನೆಲದಾಳದಿಂದ ಉಕ್ಕಿದ ಲಾವಾರಸ ಆರುತ್ತ ಕುಗ್ಗಿತು, ಕುಗ್ಗಿದಾಗ ಬಿರಿಯಿತು. ಮೂರು ಬಿರುಕುಗಳು ಸಮಕೋನದಲ್ಲಿ ಕೂಡಿದರೆ ಕಲ್ಲಿನೊಳಗಿನ ಬಿಗುವು ಸುಲಭವಾಗಿ ಸಡಿಲುತ್ತದೆ. ಹಾಗೆ ಕೂಡಿದಲ್ಲಿ ಆರು ಮುಖದ ಆಕಾರ ಮೂಡುತ್ತದೆ. ಬಿಸಿ ಒಳಗೊಳಗೆ ಆರಿದಂತೆ ಬಿರುಕೂ ಆಳಕ್ಕಿಳಿದು ಕಂಬವಾಯಿತು.

ನಮ್ಮನ್ನು ಅಲ್ಲಿಗೆ ಎಳೆದೊಯ್ದದ್ದು ಆ ಕಲ್ಲಿನ ವಯಸ್ಸು. ಅದಕ್ಕೆ ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ. ನಮ್ಮ ಲೆಕ್ಕದ ದಿನದಲ್ಲಿ ಐದೂಕಾಲರ ಹೊತ್ತು. ಡೈನೋಸಾರ್‌ಗಳು ಇನ್ನೂ ಬದುಕಿದ್ದ ಗಳಿಗೆ. ಅದುವರೆಗೆ ಭಾರತಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್ ಆಗ ಬೇರ್ಪಟ್ಟಿತು. ನೆಲ ಸೀಳುವಾಗ ಉಕ್ಕಿದ ಬೆಂಕಿಯ ಗುರುತು ಈ ಕಲ್ಲು. ಅದೇ ಕಾಲದ ಲಾವಾಶಿಲೆ ಮಡಗಾಸ್ಕರಿನಲ್ಲಿಯೂ ಇದೆ. ಬಹುಕಾಲದ ಮೇಲೆ ಅಲ್ಲಿ ಬಾಳಿದ ಮಜುಂಗಾಸಾರಸ್ ಎಂಬ ಮಾಂಸಾಹಾರಿಗೂ, ನರ್ಮದಾ ಕಣಿವೆಯಲ್ಲಿ ದೊರೆತು 2003ರಲ್ಲಿ ಹೆಸರು ಪಡೆದ ನಮ್ಮ ರಾಜಾಸಾರಸ್‌ಗೂ ಹತ್ತಿರದ ನಂಟು. ನಡುವೆ ಕಡಲು ಬಂದ ದಾಯಾದಿಗಳು ಅವು.

ಮೊಮ್ಮಗಳು ಒಂದು ಕಂಬಕ್ಕೆ ಕೆನ್ನೆಯಿಟ್ಟು ನಿಂತಳು. ಬಿಸಿಲಿಗೆ ಕಲ್ಲು ಬೆಚ್ಚಗಿತ್ತು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಒಂದು ಚೂರು ಆಕೆಯ ಮುಷ್ಟಿಯಲ್ಲಿತ್ತು. ಈ ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬಂದವರೆಲ್ಲ ಒಂದೊಂದು ಚೂರು ಒಯ್ದರೆ ಮುಂದಿನ ಮಕ್ಕಳಿಗೆ ನೋಡಲು ಏನುಳಿದೀತು? ಗದರಲು ಬಾಯಿ ತೆರೆದವನು ಹಳೆಯ ಹುಡುಗನ ನೆನಪಾಗಿ ಸುಮ್ಮನಾದೆ. ಕಾರಣವನ್ನಷ್ಟೆ ಹೇಳಿದೆ. ಆಕೆ ತುಸು ಯೋಚಿಸಿ, ಎತ್ತಿಕೊಂಡ ಜಾಗವನ್ನೇ ಹುಡುಕಿ ಅಲ್ಲಿಟ್ಟು ಬಂದಳು.

ಮರಳಿ ಘಾಟಿ ಹತ್ತುವಾಗ ಕತ್ತಲಾಗಿತ್ತು. ನಿದ್ದೆ ಹೋಗಿರಬೇಕೆಂದುಕೊಂಡಿದ್ದೆ. ಆಕೆ ತಟ್ಟನೆ ಕೇಳಿದಳು: "ಅಜ್ಜ, ನಮ್ಮ ಗುಡ್ಡದ ಕಲ್ಲು ಹುಟ್ಟಿದಾಗ ಯಾವ ಪ್ರಾಣಿಯೂ ಇರಲಿಲ್ಲವೆ?" ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿದ್ದವು, ಆಳವಿಲ್ಲದ ಕಡಲಿನಲ್ಲಿ ಅವು ಪಾಚಿಯಂತೆ ಹಬ್ಬಿ ಪದರ ಕಟ್ಟಿದ ಕಲ್ಲುಗಳು ಶಿವಮೊಗ್ಗದಾಚೆ ಕುಂಸಿಯ ಬಳಿ ದೊರೆತಿವೆ, 250 ಕೋಟಿ ವರ್ಷಕ್ಕೂ ಹಿಂದಿನವು ಎಂದೆ. "ನಾಳೆ ಹೋಗೋಣವೆ?" ಎಂದಳು. ಮುಂದಿನ ರಜೆಗೆ ಎಂದು ಮಾತು ಕೊಟ್ಟಿದ್ದೇನೆ.